ಹಿಂದಿರುಗಿಸದ ಕೀಲಿಕೈ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಿಂದೆ ದಲಾಲಿ ಅಂಗಡಿಯ ಸಮಸ್ತ ವ್ಯವಹಾರವೂ ದಿವಾಣಜಿಯ ಗಾದಿಯ ಪಕ್ಕದ ಕಬ್ಬಿಣದ ತಿಜೋರಿಯೊಂದರಲ್ಲಿ ಅಡಗಿರುತ್ತಿತ್ತು. ಕಿರ್ದಿ, ಖತಾವಣಿ, ರೊಕ್ಕ, ಚೆಕ್ಕುಪುಸ್ತಕ ಎಲ್ಲಕ್ಕೂ ಒಂದೇ ಕೀಲಿಕೈ. ಕೆಲಸ ಬಿಡುವ ದಿನ ದಿವಾಣಜಿ ಅದನ್ನು ಯಜಮಾನರ ಕೈಗಿತ್ತು ನಮಸ್ಕರಿಸಿ ಹೋದರೆ ಅಲ್ಲಿಗೆ ಅವನ ಅಧಿಕಾರ ಮುಗಿಯುತ್ತಿತ್ತು.

ಈಗ ಬಾಗಿಲುಗಳು ಹಲವು. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಟೆಂಡರಿಗೆ 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. ಸರಕು ಸಾಗಿಸಲು 2018ರಲ್ಲಿ ಇ-ವೇ ಬಿಲ್ ಬಂದಿತು. ಶೀತಲಗೃಹದ ದಾಸ್ತಾನಿನದು ಬೇರೆಯೇ ತಂತ್ರಾಂಶ, ಬ್ಯಾಂಕಿನದು ಇನ್ನೊಂದು. ಇವು ಒಂದರ ಲೆಕ್ಕವನ್ನು ಇನ್ನೊಂದಕ್ಕೆ ತಲುಪಿಸಬಲ್ಲವು. ಆದರೆ ಯಾರಿಗೆ ಯಾವ ಅಧಿಕಾರವಿದೆ ಎಂಬ ಸಂಗತಿಯನ್ನು ತಾವಾಗಿ ತಲುಪಿಸುವುದು ವಿರಳ.

ಹಾವೇರಿಯಲ್ಲಿ ಕಚೇರಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖರೀದಿ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇದ್ದ ಮನೆತನವೊಂದರ ಲೆಕ್ಕಪತ್ರಗಳನ್ನು ನಾನು ನೋಡುತ್ತಿದ್ದೆನು. ಅವರು ಬ್ಯಾಡಗಿಯ ಗುಮಾಸ್ತನನ್ನು ರಾಣೆಬೆನ್ನೂರಿಗೆ ಕಳುಹಿಸಿ, ಟ್ಯಾಲಿಯಲ್ಲಿ ಅವನ ಖರೀದಿಯ ಅಧಿಕಾರವನ್ನು ಅಂದೇ ತೆಗೆದರು. ಶೀತಲಗೃಹಕ್ಕೆ ತಿಳಿಸಲಿಲ್ಲ. ಅವನ ಸ್ಥಾನಕ್ಕೆ ಬಂದ ಹುಡುಗನಿಗೆ ಕೆಲಸ ಕೊಟ್ಟರೇ ಹೊರತು, ಎಲ್ಲಿಯೂ ಅವನದೇ ಆದ ಹೆಸರನ್ನಾಗಲಿ ಗುಪ್ತಪದವನ್ನಾಗಲಿ ಕೊಡಲಿಲ್ಲ.

ಕೆಲವು ತಿಂಗಳ ನಂತರ ಪುಸ್ತಕಕ್ಕೂ ಉಗ್ರಾಣಕ್ಕೂ 40 ಚೀಲಗಳ ವ್ಯತ್ಯಾಸ ಕಂಡಿತು. ಶೀತಲಗೃಹದ ದಾಖಲೆಯಲ್ಲಿ ಬಿಡುಗಡೆಗೆ ಒಪ್ಪಿಗೆಯಿತ್ತವನ ಹೆಸರು ಹಳೆಯ ಗುಮಾಸ್ತನದು. ಹನ್ನೊಂದು ವರ್ಷ ಆ ಮನೆಯ ಅನ್ನ ಉಂಡವನನ್ನು ಹಾವೇರಿಗೆ ಕರೆಸಿ ನಿಲ್ಲಿಸಿ ಕೇಳಲಾಯಿತು. ಆ ದಿನ ಅವನು ರಾಣೆಬೆನ್ನೂರಿನಲ್ಲಿಯೇ ಇದ್ದುದಕ್ಕೆ ಅಲ್ಲಿಯ ಹಾಜರಿ ಪುಸ್ತಕವೇ ಸಾಕ್ಷಿ. ಆಗ ಹೊಸ ಹುಡುಗ ನಿಜ ಹೇಳಿದನು: ತನಗೆ ಬಾಗಿಲು ತೆರೆಯದಿದ್ದಾಗ ಮೇಜಿನ ಮೇಲೆ ಬರೆದಿಟ್ಟಿದ್ದ ಹಳೆಯವನ ಗುಪ್ತಪದವನ್ನು ಬಳಸಿದ್ದನು. ಚೀಲಗಳು ಖರೀದಿದಾರರಿಗೆ ಸರಿಯಾಗಿಯೇ ತಲುಪಿದ್ದವು, ಚಲನ್ ಖಾನೆಯಲ್ಲಿತ್ತು. ಟ್ಯಾಲಿಯಲ್ಲಿ ದಾಸ್ತಾನು ಇಳಿಸುವ ಅಧಿಕಾರ ಅವನಿಗಿಲ್ಲದ ಕಾರಣ ಅದು ಪುಸ್ತಕಕ್ಕೆ ಏರಿರಲಿಲ್ಲ. ಕಳವು ಆಗಿರಲಿಲ್ಲ. ಹಳೆಯ ಗುಮಾಸ್ತನು ಮಾತ್ರ ತಿಂಗಳೊಳಗೆ ಕೆಲಸ ಬಿಟ್ಟನು.

ಅಸ್ತೇಯವೆಂದರೆ ಕೊಡದುದನ್ನು ತೆಗೆದುಕೊಳ್ಳದಿರುವುದು ಎಂದು ನಾವೆಲ್ಲ ಬಲ್ಲೆವು. ಆ ವ್ರತದ ಭಾರವನ್ನು ನೌಕರನ ಹೆಗಲಿಗೇ ಹೊರಿಸಿ ಸುಮ್ಮನಾಗುತ್ತೇವೆ. ಯಾವುದನ್ನು ಕೊಟ್ಟಿದ್ದೇವೆ, ಯಾವುದನ್ನು ಹಿಂದಕ್ಕೆ ಪಡೆದಿದ್ದೇವೆ ಎಂಬುದನ್ನು ಸ್ಪಷ್ಟಪಡಿಸಬೇಕಾದವನು ಯಜಮಾನನೇ ಅಲ್ಲವೇ? ಇನ್ನು ಒಬ್ಬನು ಮಾಡದುದನ್ನು ಅವನು ಮಾಡಿದನೆಂದು ಬರೆಯುವುದನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೆಂದು ಎಣಿಸುತ್ತಾರೆ. ಅಲ್ಲಿ ವಂಚನೆಯ ಉದ್ದೇಶ ಇರಬೇಕು, ಈ ಹುಡುಗನಲ್ಲಿ ಅದಿರಲಿಲ್ಲ. ಆದರೂ ಬರಹವಂತೂ ಅದೇ ಆಯಿತು.

ಅಧಿಕಾರವನ್ನು ವ್ಯಕ್ತಿಗೆ ಅಂಟಿಸದೆ ಹುದ್ದೆಗೆ ಅಂಟಿಸಬೇಕೆಂಬ ಮಾದರಿಯನ್ನು ಅಮೆರಿಕದ ಫೆರೈಯೊಲೊ ಮತ್ತು ಕುನ್ ಎಂಬ ತಜ್ಞರು 1992ರಲ್ಲಿ ಮಂಡಿಸಿದರು. 2004ರಲ್ಲಿ ಅದು ಅಲ್ಲಿಯ ರಾಷ್ಟ್ರೀಯ ಮಾನಕವಾಯಿತು. ದೊಡ್ಡ ಕಂಪನಿಗಳಲ್ಲಿ ಹುದ್ದೆ ಬದಲಾದೊಡನೆ ಒಂದೇ ಕಡೆಯಿಂದ ಎಲ್ಲ ಬಾಗಿಲುಗಳನ್ನೂ ಮುಚ್ಚಿ ತೆರೆಯಬಹುದು. ನಮ್ಮ ಪೇಟೆಯ ಬಾಗಿಲುಗಳಾದರೋ ಸರ್ಕಾರ, ಬ್ಯಾಂಕು, ಶೀತಲಗೃಹಗಳೆಂದು ಬೇರೆ ಬೇರೆ ಒಡೆಯರವು. ಆದುದರಿಂದ ನಾನು ಈಗ ಹೋದಲ್ಲೆಲ್ಲ ಒಂದು ಸಣ್ಣ ವಹಿಯನ್ನು ಮಾಡಿಸುತ್ತೇನೆ: ಅಡ್ಡಸಾಲಿನಲ್ಲಿ ಜನ, ಉದ್ದಸಾಲಿನಲ್ಲಿ ಬಾಗಿಲುಗಳು. ಯಾರದೇ ಕೆಲಸ ಬದಲಾದರೂ ಸಂಜೆಯೊಳಗೆ ಆ ಸಾಲು ತಿದ್ದಿರಬೇಕು. ಇ-ವೇ ಬಿಲ್ಲಿನಲ್ಲಿ ಉಪಬಳಕೆದಾರನನ್ನು ಸ್ಥಗಿತಗೊಳಿಸಲು ಯಜಮಾನನಿಗೆ ಅವಕಾಶವಿದೆ. ಎರಡು ನಿಮಿಷದ ಕೆಲಸ. ದೀಪಾವಳಿಯ ವಹಿಪೂಜೆಯ ದಿನ ನೋಡೋಣವೆನ್ನುವವರಿಗೆ ನಾನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಬೀಗ ನೋಡುವವರುಂಟೇ?

ಬಸದಿಯ ಟ್ರಸ್ಟುಗಳಲ್ಲಿಯೂ ಇದೇ ಸ್ಥಿತಿ. ಹೊಸ ಖಜಾಂಚಿಯ ಸಹಿ ಠರಾವಿನೊಡನೆ ಬ್ಯಾಂಕಿಗೆ ಹೋಗುತ್ತದೆ. ಆದಾಯ ತೆರಿಗೆಯ ಖಾತೆಯ ಒಟಿಪಿ ಮಾತ್ರ ಹಿಂದಿನ ಖಜಾಂಚಿಯ ಮೊಬೈಲಿಗೇ ಬರುತ್ತಿರುತ್ತದೆ. ಅವರು ಪರಸ್ಥಳದಲ್ಲಿದ್ದರೆ ವಿವರಣಪತ್ರ ಸಲ್ಲಿಸುವ ಕೊನೆಯ ದಿನ ಅವರಿಗಾಗಿ ಹುಡುಕಾಟ. ಪದಾಧಿಕಾರಿಗಳ ಬದಲಾವಣೆಯ ಠರಾವಿನಲ್ಲಿಯೇ ಬ್ಯಾಂಕು, ತೆರಿಗೆ, ಲೆಕ್ಕದ ಗಣಕ, ದೇಣಿಗೆಯ ಕ್ಯೂಆರ್ ಸಂಕೇತ ಇವುಗಳ ಹೆಸರನ್ನು ಬರೆದು, ಪ್ರತಿಯೊಂದರ ಮುಂದೆ ಹಸ್ತಾಂತರದ ದಿನಾಂಕಕ್ಕೆ ಜಾಗ ಬಿಡಬಹುದು.