ಓಡುವುದಲ್ಲ, ನಿಲ್ಲುವುದು

ಹಳೇ ಕಾರು ಪ್ರೀತಿಸುವವರಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕೆನ್ನುವ ಮಡಿವಂತರು ಒಂದು ಕಡೆ. ಮೈ ಹಳೆಯದಿರಲಿ, ಒಳಗೆ ಹೊಸದಾಗಲಿ ಎನ್ನುವ ನಮ್ಮಂಥವರು ಇನ್ನೊಂದು ಕಡೆ. ಅಮೆರಿಕದಲ್ಲಿ 1949ಕ್ಕಿಂತ ಹಿಂದಿನ ಫೋರ್ಡುಗಳಿಗೆ ಹೊಸ ಇಂಜಿನ್ ಕೂರಿಸಿ ‘ಸ್ಟ್ರೀಟ್ ರಾಡ್’ ಎನ್ನುತ್ತಾರೆ. ಬೆಂಗಳೂರಿನ ಅತ್ತಿಗುಪ್ಪೆಯ ಅಡ್ಡರಸ್ತೆಗೆ ಅಂಥ ಫೋರ್ಡು ಎಲ್ಲಿಂದ ಬರಬೇಕು? ನನಗೆ ದಕ್ಕಿದ್ದು ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ.

1974ರಲ್ಲೇ ಪದ್ಮಿನಿ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. 1089 ಸಿಸಿ, ಸುಮಾರು 40 ಅಶ್ವಶಕ್ತಿ. ಇದು ಸಾಲದೆಂದು ಜಿಪ್ಸಿಯ 1298 ಸಿಸಿ ಇಂಜಿನ್ ಇಳಿಸಿದವರಿದ್ದಾರೆ. ನಾನು ಮಾತ್ರ ಬ್ರೇಕಿನ ಬೆನ್ನು ಹತ್ತಿದೆ.

ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆನೀರಲ್ಲಿ ಹಾಯ್ದರೆ ಡ್ರಮ್ಮಿನೊಳಗೆ ನೀರು ಸೇರಿ ಲೈನರ್ ಜಾರುತ್ತದೆ. ಪೆಡಲ್ ತುಳಿದವನು ದೇವರನ್ನು ನೆನೆಯಬೇಕು. ಡಿಸ್ಕ್ ಆದರೆ ತಿರುಗುತ್ತಲೇ ನೀರು ಕೊಡವಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಎರಡಕ್ಕೆ ಡಿಸ್ಕ್ ಸಾಕು, ಹಿಂದೆ ಡ್ರಮ್ಮೇ ಇರಲಿ. ಆದರೆ ಡಿಸ್ಕಿಗೆ ಕಾಲಿನ ಬಲ ಹೆಚ್ಚು ಬೇಕು, ಅದಕ್ಕೆ ಇಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಬೇಕು, ಬೂಸ್ಟರಿಗೆ ಬಾನೆಟ್ ಕೆಳಗೆ ಜಾಗ ಬೇಕು. ಒಂದು ಬದಲಾಯಿಸಿದರೆ ಮೂರು ಬದಲಾಗುವ ಈ ಲೆಕ್ಕಾಚಾರದಲ್ಲೇ ನನ್ನ ಭಾನುವಾರಗಳು ಖುಷಿಯಾಗಿ ಕಳೆದವು. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಧೂಳು ಕುಡಿದದ್ದೂ ಅದರಲ್ಲೇ ಸೇರಿತು. “ಓಡ್ಸೋದು ಯಾರ್ ಬೇಕಾದ್ರೂ ಓಡಿಸ್ತಾರೆ ಸಾರ್, ನಿಂತ್ಕೋಬೇಕಲ್ಲ!” ಎನ್ನುವ ನಮ್ಮ ಮೆಕ್ಯಾನಿಕ್ ಯಾವ ಇಂಜಿನಿಯರಿಗೂ ಕಡಿಮೆಯಿಲ್ಲ.

ಕಾರ್ಡ್ ರೋಡಿನಲ್ಲಿ ಮೆಟ್ರೊ ಕಂಬಗಳ ಪಕ್ಕ ಬಿಎಂಟಿಸಿ ಬಸ್ಸು ತಟ್ಟನೆ ನಿಂತಾಗ ಪದ್ಮಿನಿಯೂ ಈಗ ತಟ್ಟನೆ ನಿಲ್ಲುತ್ತದೆ. ಸೀಟು, ವೈರಿಂಗ್, ಹೆಡ್‌ಲೈಟಿನ ಬಲ್ಬು ಹೊಸವು. ಸ್ಟೇರಿಂಗಿಗೆ ಅಂಟಿಕೊಂಡ ಗೇರ್ ಕೋಲನ್ನು ಮಾತ್ರ ಮುಟ್ಟಬಿಡಲಿಲ್ಲ. ಅದನ್ನು ಎಳೆದು ಸೆಕೆಂಡ್ ಹಾಕುವ ಸುಖ ಬೇರೆ ಯಾವ ಕಾರಲ್ಲಿದೆ? ಅಗಲವಾದ ಅಲಾಯ್ ಚಕ್ರ ಹಾಕಿ ನೆಲಕ್ಕೆ ತಾಗುವಂತೆ ಇಳಿಸುವವರನ್ನು ಕಂಡರೆ ಸಿಟ್ಟು. ನಮ್ಮ ರಸ್ತೆಯ ಹಂಪುಗಳನ್ನು ಅವರು ನೋಡಿಲ್ಲವೇ?

ಕಾನೂನೂ ಇದೆ. ಆರ್‌ಸಿ ವಿವರ ಕಂಪನಿಯ ಮೂಲ ವಿವರಕ್ಕೆ ತಪ್ಪುವಂತೆ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ‘ವಿಎ’ ನಂಬರ್ ಸಿಗುತ್ತದೆ, ಆದರೆ ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ನಾನು ಇಂಜಿನ್ ಬದಲಿಸದಿರಲು ಅರ್ಧ ಕಾರಣ ಇದು, ಇನ್ನರ್ಧ ಅದರ ಸದ್ದಿನ ಮೋಹ.

ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ನಿಮ್ಮ ತಾತನ ಫಿಯೆಟ್ ಯಾವುದಾದರೂ ಷೆಡ್ಡಿನಲ್ಲಿ ಕೂತಿದ್ದರೆ, ಗುಜರಿಯವನಿಗೆ ಫೋನ್ ಮಾಡುವ ಮೊದಲು ಆರ್‌ಸಿ ಎಲ್ಲಿದೆ ಹುಡುಕಿ. ಆಮೇಲೆ ಬ್ರೇಕಿನಿಂದ ಶುರುಮಾಡಿ.