ಚೆಂಡಾಡುವ ಅಳಿಯನಿಗೆ ಹಬ್ಬದ ಉಡುಗೊರೆ

ಪರ್ವಕಾಲವು ಸಮೀಪಿಸಿತೆಂದರೆ ಗೃಹಸ್ಥನಾದವನಿಗೆ ಎರಡು ಚಿಂತೆಗಳು ತಲೆದೋರುವುವು. ಕೊಡತಕ್ಕದ್ದನ್ನು ಕೊಡಲಾರದೆ ಹೋದೇನೋ ಎಂಬುದು ಒಂದು; ಕೊಟ್ಟುದು ಪಡೆದವರಿಗೆ ಬೇಡವಾದೀತೋ ಎಂಬುದು ಮತ್ತೊಂದು. ಮೊದಲನೆಯದು ಹಣದ ಚಿಂತೆ. ಎರಡನೆಯದು ಬುದ್ಧಿಯ ಚಿಂತೆ. ನಮ್ಮಂತಹ ನಿವೃತ್ತ ಉಪಾಧ್ಯಾಯರಿಗೆ ಹಣದ ಚಿಂತೆಗೆ ಪಿಂಚಣಿಯ ಪುಸ್ತಕವೇ ಬೇಗನೆ ಉತ್ತರ ಹೇಳಿಬಿಡುತ್ತದೆ. ಬುದ್ಧಿಯ ಚಿಂತೆಗೆ ಉತ್ತರವನ್ನು ನಾವೇ ಹುಡುಕಿಕೊಳ್ಳಬೇಕು. ಕಳೆದ ದೀಪಾವಳಿಯಲ್ಲಿ ಹಾಗೆ ಹುಡುಕಿದ ಬಗೆಯನ್ನು ವಾಚಕರ ಮುಂದಿಡುತ್ತಿದ್ದೇನೆ. ಇದೇ ಸಂದಿಗ್ಧದಲ್ಲಿರುವ ಮಾವಂದಿರಿಗೆ ಇದರಿಂದ ಸ್ವಲ್ಪ ಪ್ರಯೋಜನವಾದೀತು.

ನಮ್ಮ ಕರಾವಳಿಯಲ್ಲಿ ಮದುವೆಯ ಬಳಿಕ ಬರುವ ಮೊದಲ ದೀಪಾವಳಿಗೆ ಮಗಳು ಅಳಿಯಂದಿರನ್ನು ಕರೆಸುವುದು ರೂಢಿ. ಹಿಂಡಲೆಕಾಯಿಯ ಬಳ್ಳಿ ಸುತ್ತಿದ ಹಂಡೆಯಲ್ಲಿ ನೀರು ಕಾಯಿಸಿ, ಅಳಿಯನಿಗೆ ಎಣ್ಣೆ ಹಚ್ಚಿ ಎರೆದು, ಹೊಸ ವಸ್ತ್ರದೊಡನೆ ಏನಾದರೊಂದು ಉಡುಗೊರೆಯನ್ನು ಕೊಡುವರು. ನಮ್ಮ ಅಳಿಯಂದಿರು ಬೆಂಗಳೂರಿನಲ್ಲಿ ದೊಡ್ಡ ಸಂಬಳದವರು. ಅವರಲ್ಲಿ ಇಲ್ಲದ ವಸ್ತುವೆಂಬುದಿಲ್ಲ. ಅವರಿಗಿರುವ ಹವ್ಯಾಸ ಒಂದೇ: ಗಾಲ್ಫ್. ಭಾನುವಾರ ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟರೆ ಹನ್ನೊಂದಕ್ಕೆ ಹಿಂದಿರುಗುವರೆಂದು ಮಗಳು ದೂರವಾಣಿಯಲ್ಲಿ ಹೇಳಿದ್ದಳು. "ಅಲ್ಲಿಯವರೆಗೆ ನೀನೇನು ಮಾಡುವೆ, ತಂಗೀ?" ಎಂದು ಕೇಳಿದೆ. "ಕಾಫಿ ಕುಡಿದು ಕಿಟಕಿಯ ಹತ್ತಿರ ಕೂತಿರುತ್ತೇನೆ, ಅಪ್ಪಯ್ಯ" ಎಂದಳು. ಅದು ದೂರಲ್ಲ, ಆದರೂ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ನನ್ನ ಸಹಧರ್ಮಿಣಿಯ ಅಭಿಪ್ರಾಯವು ಮೊದಲೇ ಸಿದ್ಧವಾಗಿತ್ತು. "ಉಂಗುರ ಮಾಡಿಸಿ. ಚಿನ್ನವಾದರೆ ಯಾರೂ ಏನೂ ಹೇಳುವುದಿಲ್ಲ. ಇಲ್ಲವಾದರೆ ನಾಲ್ಕು ಜನ ಏನೆಂದಾರು?" ಈ ನಾಲ್ಕು ಜನ ಯಾರೆಂಬುದನ್ನು ನಾನು ಅರುವತ್ತು ವರ್ಷಗಳಿಂದ ತಿಳಿಯಲಾರದೆ ಇದ್ದೇನೆ, ಅವರ ಭಯ ಮಾತ್ರ ಎಲ್ಲರ ಮನೆಯಲ್ಲಿಯೂ ಉಂಟು. ಈ ಭಯದಿಂದಲೇ ಒಬ್ಬನು ವಾಹನ ಕೊಟ್ಟರೆ ಮತ್ತೊಬ್ಬನು ಸಾಲ ಮಾಡಿ ಅದಕ್ಕಿಂತ ದೊಡ್ಡ ವಾಹನ ಕೊಡುವನು. ೧೯೬೧ರ ವರದಕ್ಷಿಣಾ ನಿಷೇಧ ಶಾಸನವು ಮದುವೆಯ ಉಡುಗೊರೆಯು ರೂಢಿಗೆ ತಕ್ಕುದಾಗಿಯೂ ಕೊಡುವವನ ಸ್ಥಿತಿಗೆ ಮೀರದೆಯೂ ಇರಬೇಕೆಂದು ವಿಧಿಸುತ್ತದೆ. ಶಾಸನವು ಮದುವೆಯ ವಿಷಯದಲ್ಲಿ ಹೇಳಿದುದನ್ನು ಹಬ್ಬದ ವಿಷಯದಲ್ಲಿಯೂ ಪಾಲಿಸುವುದು ವಿವೇಕವೆಂದು ನನಗೆ ತೋರುತ್ತದೆ. ನಮ್ಮ ಅಳಿಯಂದಿರು ಏನನ್ನೂ ಬಯಸಿದವರಲ್ಲ. ಬಯಸದವರಿಗೆ ಬೆಲೆಯಿಂದ ತೂಗಿ ಕೊಟ್ಟರೆ ಅವರನ್ನು ಬಯಸುವವರ ಸಾಲಿನಲ್ಲಿ ನಾವೇ ಕೂರಿಸಿದಂತೆ ಆಗುವುದು.

ಗೀತೆಯ ಹದಿನೇಳನೆಯ ಅಧ್ಯಾಯವು ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಬೇಕೆನ್ನುತ್ತದೆ. ದೇಶ ನಮ್ಮ ಜಾಲಿ, ಕಾಲ ದೀಪಾವಳಿ, ಪಾತ್ರವೋ ಗಾಲ್ಫ್ ಆಟಗಾರ. ಪಾತ್ರವನ್ನು ಅರಿಯಬೇಕಾದರೆ ಆಟವನ್ನು ಅರಿಯಬೇಕು. ನಮ್ಮೂರಿನಲ್ಲಿ ಅದರ ಮೈದಾನವಿಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ಈ ಆಟದ ಸಾಮಾನುಗಳ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಒಂದು ವಾರ ಸಾಯಂಕಾಲಗಳಲ್ಲಿ ಅವನು ಗುರು, ನಾನು ಶಿಷ್ಯ.

ಅವನಿಂದ ತಿಳಿದ ಸಂಗತಿಗಳು ಸ್ವಾರಸ್ಯವಾಗಿವೆ. ಈ ಆಟವು ಬೆಳೆದುದು ಸ್ಕಾಟ್ಲೆಂಡಿನ ಕಡಲತೀರದಲ್ಲಿ, ಸಮುದ್ರಕ್ಕೂ ಹೊಲಗದ್ದೆಗಳಿಗೂ ನಡುವಣ ಮರಳು ಮಿಶ್ರವಾದ ಹುಲ್ಲುನೆಲದಲ್ಲಿ. ಉತ್ತಲು ಬಾರದ ಅಂತಹ ನೆಲ ಜಾಲಿಯ ಕಡಲಂಚಿನವರಿಗೆ ಹೊಸದಲ್ಲ. ನಮ್ಮ ದೇಶಕ್ಕೆ ಇದು ಆಂಗ್ಲರೊಡನೆ ಬಂದಿತು: ಕಲ್ಕತ್ತೆಯ ಗಾಲ್ಫ್ ಸಂಘವು ೧೮೨೯ರಲ್ಲಿ, ಬೆಂಗಳೂರಿನದು ೧೮೭೬ರಲ್ಲಿ ಸ್ಥಾಪಿತವಾದುವು. ಒಂದು ಪೂರ್ಣ ಆಟಕ್ಕೆ ಕುಳಿಗಳು ಹದಿನೆಂಟು, ಪುರಾಣಗಳಂತೆ, ಭಾರತದ ಪರ್ವಗಳಂತೆ. ಕುಳಿಯ ವ್ಯಾಸವು ೧೦೮ ಮಿಲಿಮೀಟರು. ಈ ಸಂಖ್ಯೆಯನ್ನು ಕೇಳಿ ನನ್ನ ಸಹಧರ್ಮಿಣಿಗೂ ಆಟದಲ್ಲಿ ಗೌರವ ಹುಟ್ಟಿತು. ಚೆಂಡಿನ ವ್ಯಾಸವು ೪೨.೬೭ ಮಿಲಿಮೀಟರಿಗೆ ಕಡಿಮೆಯಾಗಕೂಡದು, ತೂಕವು ೪೫.೯೩ ಗ್ರಾಮನ್ನು ಮೀರಕೂಡದು. ಆಟಗಾರನ ಚೀಲದಲ್ಲಿ ಕೋಲುಗಳು ಹದಿನಾಲ್ಕಕ್ಕಿಂತ ಹೆಚ್ಚಿರಬಾರದು. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಹದಿನೆಂಟು ಕುಳಿಗಳನ್ನೂ ಮುಗಿಸಿದವನೇ ಗೆದ್ದವನು. ಇಷ್ಟು ತಿಳಿದರೆ ಉಡುಗೊರೆಯ ವಿಚಾರಕ್ಕೆ ಸಾಕು.

ನನ್ನ ಮೊದಲ ಪ್ರಶ್ನೆ, "ಒಳ್ಳೆಯ ಕೋಲೊಂದನ್ನು ಕೊಡೋಣವೆ?" ಎಂದು. ಅವನು ಗಾಬರಿಯಾಗಿ, "ಬೇಡಿ, ಮಾಸ್ತರರೇ. ಭಾಗವತರಿಗೆ ನೀವು ಜಾಗಟೆ ಆರಿಸಿ ಕೊಡುವಿರಾ?" ಎಂದನು. ಕೋಲಿನ ಉದ್ದ, ಭಾರ, ಬಾಗು, ಹಿಡಿಯ ದಪ್ಪ ಇವೆಲ್ಲ ಆಡುವವನ ಎತ್ತರಕ್ಕೂ ಕೈಗೂ ಹೊಂದಬೇಕು. ಒಂದು ಕೋಲಿಗೆ ಹತ್ತು ಇಪ್ಪತ್ತು ಸಾವಿರ ರೂಪಾಯಿ ತೆತ್ತು ತಂದುದು ಹೊಂದದಿದ್ದರೆ, ಮಾವನು ಕೊಟ್ಟುದೆಂಬ ದಾಕ್ಷಿಣ್ಯಕ್ಕಾಗಿ ಅಳಿಯನು ಅದನ್ನು ವರ್ಷವಿಡೀ ಹೊತ್ತು ತಿರುಗಬೇಕು. ಇದೇ ಮೊದಲನೆಯ ಸೂತ್ರ: ಕುಶಲನ ಮುಖ್ಯ ಸಾಧನವನ್ನು ಕುಶಲನೇ ಆರಿಸಿಕೊಳ್ಳಲಿ, ನಾವು ಅದರ ಪರಿವಾರವನ್ನು ಕೊಡೋಣ. ಧಾರಾಳವಾಗಿ ಕೊಡಬಲ್ಲವರೂ ಕೋಲನ್ನು ತಾವೇ ಕೊಳ್ಳದೆ, ಅಂಗಡಿಯಲ್ಲಿ ಹಣ ಕಟ್ಟಿ ಆಯ್ಕೆಯನ್ನು ಆಟಗಾರನಿಗೆ ಬಿಡುವುದು ಲೇಸು.

ಇನ್ನು ಪರಿವಾರದ ವಿಷಯ. ಐದು ನೂರು ರೂಪಾಯಿಗಳ ಒಳಗೆ ಕೊಡತಕ್ಕವು ಹಲವಿವೆ. ಟೀ ಎಂಬುದು ಕುಡಿಯುವುದಲ್ಲ. ಮೊದಲ ಹೊಡೆತಕ್ಕಾಗಿ ಚೆಂಡನ್ನು ಮೇಲಿಡುವ ಮರದ ಪುಟ್ಟ ಗೂಟ. ಅದು ಮುರಿಯುತ್ತಲೇ ಇರುವುದರಿಂದ ಎಷ್ಟಿದ್ದರೂ ಬೇಕು. ಚೆಂಡನ್ನೂ ಕೈಯನ್ನೂ ಒರಸಿಕೊಳ್ಳಲು ಕೈಮಗ್ಗದ ಒರಟು ಹತ್ತಿಯ ಪಂಜಿಯು ಬಹಳ ಉಪಯುಕ್ತ. ಎಲ್ಲಕ್ಕಿಂತ ಅಗ್ಗವಾದುದು ಗುರುತಿನ ಬಿಲ್ಲೆ. ಕುಳಿಯ ಸಮೀಪದ ನುಣುಪು ಹುಲ್ಲಿನಲ್ಲಿ ಚೆಂಡನ್ನು ಎತ್ತಿ ಒರಸಬೇಕಾದರೆ, ಅದು ಇದ್ದ ಸ್ಥಳದಲ್ಲಿ ಒಂದು ಗುರುತನ್ನು ಇಡಬೇಕು. ಅಂಗಡಿಯಲ್ಲಿ ಅದಕ್ಕಾಗಿ ಬಗೆಬಗೆಯ ಬಿಲ್ಲೆಗಳಿದ್ದರೂ ನಾಣ್ಯವೊಂದನ್ನು ಇಟ್ಟರೆ ನಿಯಮಕ್ಕೆ ಸಾಕು. ಇದನ್ನು ಕೇಳಿದೊಡನೆ ನಮ್ಮ ತಾಯಿಯ ಕುಂಕುಮದ ಪೆಟ್ಟಿಗೆಯಲ್ಲಿದ್ದ ತೂತಿನ ಕಾಸು ನೆನಪಿಗೆ ಬಂದಿತು. ೧೯೪೩ರಿಂದ ೧೯೪೭ರವರೆಗೆ ಟಂಕಿಸಲ್ಪಟ್ಟ, ನಡುವೆ ರಂಧ್ರವುಳ್ಳ ತಾಮ್ರವರ್ಣದ ಆ ಕಾಸುಗಳನ್ನು ಅನೇಕರ ಮನೆಗಳಲ್ಲಿ ಈಗಲೂ ಕಾಣಬಹುದು. ಅದಕ್ಕೆ ಖರ್ಚೆಂಬುದೇ ಇಲ್ಲ. ಯಾವ ಅಂಗಡಿಯಲ್ಲಿಯೂ ದೊರೆಯುವುದೂ ಇಲ್ಲ.

ಐದು ನೂರರಿಂದ ಎರಡು ಸಾವಿರದವರೆಗೆ ಕೈಗವಸು, ಟೊಪ್ಪಿಗೆ, ಮೂರು ಚೆಂಡುಗಳ ಚಿಕ್ಕ ಪೆಟ್ಟಿಗೆ ಇವು ಬರುತ್ತವೆ. ಕೈಗವಸು ಸಾಮಾನ್ಯವಾಗಿ ಒಂದೇ ಕೈಗೆ. ಬಲಗೈಯವನು ಎಡಗೈಗೂ, ಎಡಚನು ಬಲಗೈಗೂ ತೊಡುವನು. ಇದನ್ನು ತಿಳಿಯದೆ ಕೊಂಡರೆ ಹಣ ವ್ಯರ್ಥ. ಅಳತೆಯನ್ನೂ ಮನೆಯವರಿಂದ ಗುಟ್ಟಾಗಿ ಕೇಳಿಕೊಳ್ಳಬೇಕು.

ಎರಡರಿಂದ ಆರು ಸಾವಿರದವರೆಗೆ ಹನ್ನೆರಡು ಚೆಂಡುಗಳ ಪೆಟ್ಟಿಗೆಯೂ ದೊಡ್ಡ ಛತ್ರಿಯೂ ದೊರೆಯುವುವು. ಚೆಂಡು ಕೆರೆಗೋ ಪೊದೆಗೋ ಬಿದ್ದು ಕಳೆಯುತ್ತಲೇ ಇರುವುದರಿಂದ ಅದು ಎಂದಿಗೂ ಬೇಡವಾಗದ ವಸ್ತು. ಹಸ್ತಿನಾವತಿಯ ರಾಜಕುಮಾರರು ಆಟದಲ್ಲಿ ಬಾವಿಗೆ ಬೀಳಿಸಿದುದನ್ನು ದ್ರೋಣಾಚಾರ್ಯನು ಜೊಂಡುಹುಲ್ಲಿನ ಕಡ್ಡಿಗಳನ್ನು ಒಂದಕ್ಕೊಂದು ನಾಟಿಸಿ ಮೇಲೆತ್ತಿಕೊಟ್ಟನಷ್ಟೆ. ನೀರಿನಿಂದ ಚೆಂಡನ್ನೆತ್ತುವ ಉದ್ದನೆಯ ಸೌಟು ಈಗ ಅಂಗಡಿಯಲ್ಲಿಯೇ ದೊರೆಯುತ್ತದೆ! ಆದರೆ ಆಟಗಾರನು ಒಂದೇ ಜಾತಿಯ ಚೆಂಡಿಗೆ ಒಗ್ಗಿರುತ್ತಾನೆ. ಅವನ ಚೀಲದಲ್ಲಿ ಯಾವುದಿದೆಯೆಂದು ನೋಡಿ ಅದನ್ನೇ ತರತಕ್ಕದ್ದು. ಚೆಂಡು ತನ್ನದೆಂದು ತಿಳಿಯಲು ಅದರ ಮೇಲೆ ಗುರುತು ಹಾಕಿಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಮೈದಾನದಲ್ಲಿ ಅಂತಹದು ಬಹುಶಃ ಇನ್ನೊಂದಿರದು.

ಆರು ಸಾವಿರದಿಂದ ಮೇಲೆ ಪಾದರಕ್ಷೆಗಳೂ ದೂರಮಾಪಕಗಳೂ ಇವೆ. ಪಾದರಕ್ಷೆಗೆ ಕಾಲಿನ ಅಳತೆ ಬೇಕು. ದೂರಮಾಪಕವನ್ನು ಕಣ್ಣಿಗೆ ಹಿಡಿದರೆ ಕುಳಿಯ ಧ್ವಜವು ಎಷ್ಟು ದೂರವೆಂದು ತಿಳಿಯುತ್ತದೆ. ೨೦೧೯ರ ನಿಯಮಗಳಿಂದೀಚೆಗೆ, ಪಂದ್ಯವನ್ನು ನಡೆಸುವವರು ಪ್ರತ್ಯೇಕವಾಗಿ ನಿಷೇಧಿಸದಿದ್ದರೆ ಅದನ್ನು ಬಳಸಬಹುದು. ನೆಲದ ಏರುತಗ್ಗುಗಳನ್ನು ಅಳೆದು ಹೇಳುವ ಸೌಕರ್ಯವನ್ನು ಮಾತ್ರ ಬಳಸಕೂಡದು.

ಛತ್ರಿ ಮತ್ತು ಪಾದರಕ್ಷೆ ಎಂದಾಗ ಸಂಸ್ಕೃತವನ್ನು ಓದಿದವನಿಗೆ ಒಂದು ಕಥೆ ನೆನಪಾಗದೆ ಇರದು. ಭಾರತದ ಅನುಶಾಸನಪರ್ವದಲ್ಲಿ ಈ ಎರಡು ವಸ್ತುಗಳ ದಾನ ಹೇಗೆ ಹುಟ್ಟಿತೆಂದು ಯುಧಿಷ್ಠಿರನು ಕೇಳುತ್ತಾನೆ, ಭೀಷ್ಮನು ಹೇಳುತ್ತಾನೆ. ಜಮದಗ್ನಿಮಹರ್ಷಿಯು ಒಮ್ಮೆ ವಿನೋದಕ್ಕಾಗಿ ಬಾಣಗಳನ್ನು ಬಿಡುತ್ತಿದ್ದನು. ರೇಣುಕೆಯು ಓಡಿ ಓಡಿ ಅವುಗಳನ್ನು ಆಯ್ದು ತರುತ್ತಿದ್ದಳು. ಜ್ಯೇಷ್ಠಮಾಸದ ಮಧ್ಯಾಹ್ನ, ತಲೆಯೂ ಕಾಲೂ ಸುಟ್ಟುಹೋಗಲು ಆಕೆಯು ಮರದ ನೆರಳಿನಲ್ಲಿ ಕ್ಷಣಕಾಲ ನಿಂತು ತಡವಾಗಿ ಬಂದಳು. ಕಾರಣವನ್ನು ಕೇಳಿದ ಮಹರ್ಷಿಯು ಸೂರ್ಯನ ಮೇಲೆಯೇ ಬಾಣವನ್ನು ಹೂಡಿದನು. ಆಗ ಸೂರ್ಯನು ಬ್ರಾಹ್ಮಣರೂಪದಿಂದ ಬಂದು ಸಮಾಧಾನಪಡಿಸಿ, ಛತ್ರವನ್ನೂ ಚರ್ಮದ ಪಾದುಕೆಗಳನ್ನೂ ಕೊಟ್ಟನು.

ಈ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಈ ಸಲ ಅದರ ಮತ್ತೊಂದು ಮುಖ ಕಂಡಿತು. ಆಡುವವನು ಗಂಡ, ಬಿಸಿಲು ಹೆಂಡತಿಗೆ. ಸೂರ್ಯನು ಕೊಟ್ಟುದು ಬಿಲ್ಲುಗಾರನಿಗೆ ಮತ್ತೊಂದು ಬಾಣವನ್ನಲ್ಲ. ಅವನ ಆಟದಿಂದ ಬಳಲಿದವಳಿಗೆ ನೆರಳನ್ನು. ನಮ್ಮ ಮಗಳು ಬಾಣವನ್ನು ಆಯುವವಳಲ್ಲ, ಕಿಟಕಿಯ ಬಳಿ ಕಾಯುವವಳು. ಹೊಸ ಸಂಸಾರದಲ್ಲಿ ವಾರಕ್ಕೊಂದು ಬೆಳಗು ಹೀಗೆ ಬರಿದಾದರೆ ಅದು ಸಣ್ಣ ಸಂಗತಿಯಲ್ಲ. ಅಳಿಯಂದಿರ ಆಟವನ್ನು ಬಿಡಿಸುವುದು ನಮ್ಮ ಕೆಲಸವಲ್ಲ, ಧರ್ಮವೂ ಅಲ್ಲ. ಆದರೆ ಆ ಆಟದಲ್ಲಿ ಅವಳಿಗೂ ಒಂದು ಸ್ಥಳ ದೊರೆತರೆ?

ಅವಳನ್ನೇ ಕೇಳಿದೆ. "ಒಂದು ದಿನ ಹೋಗಿದ್ದೆ, ಅಪ್ಪಯ್ಯ. ಅವರ ಕೋಲು ಹಿಡಿದು ನೋಡಿದೆ. ಎಲ್ಲವೂ ಬಲಗೈಯವರದು. ಆಮೇಲೆ ಹೋಗಲಿಲ್ಲ" ಎಂದಳು. ನಮ್ಮ ಮಗಳು ಎಡಚಿ. ಬಾಲ್ಯದಲ್ಲಿ ಚಿನ್ನಿದಾಂಡಿನಲ್ಲಿ ಅವಳ ಎಡಗೈ ಹೊಡೆತಕ್ಕೆ ಕೇರಿಯ ಹುಡುಗರು ಹೆದರುತ್ತಿದ್ದರು. ಹೆಣ್ಣುಮಕ್ಕಳಿಗೆ ಈ ಆಟವೇಕೆನ್ನುವವರು ಬೆಂಗಳೂರಿನ ಅದಿತಿ ಅಶೋಕರನ್ನು ನೆನೆಯಬೇಕು. ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದೇ ಹೊಡೆತದ ಅಂತರದಿಂದ ಅವರಿಗೆ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. ಅಲ್ಲಿ ಅವರ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಅದಕ್ಕಿಂತ ದೊಡ್ಡ ಉಡುಗೊರೆಯನ್ನು ಯಾವ ಅಂಗಡಿ ಮಾರೀತು?

ವಿದ್ಯಾರ್ಥಿಯ ಮೂಲಕ ವಿಚಾರಿಸಲಾಗಿ, ಹೊಸಬರಿಗೆ ಪಾಠ ಹೇಳುವ ಶಿಕ್ಷಕರಿರುವರೆಂದೂ, ಕಲಿಯುವ ದಿನಗಳಲ್ಲಿ ಎಡಚರ ಕೋಲನ್ನು ಅವರೇ ಒದಗಿಸುವರೆಂದೂ ತಿಳಿಯಿತು. ಕಡೆಗೆ ನಿಶ್ಚಯಿಸಿದುದು ಇಷ್ಟು: ಅಳಿಯಂದಿರಿಗೆ ತೂತಿನ ಕಾಸು ಮತ್ತು ಎಡಗೈಯ ಕೈಗವಸು, ಮಗಳಿಗೆ ಬಲಗೈಯ ಕೈಗವಸು ಮತ್ತು ಕೆಲವು ಪಾಠಗಳ ಶುಲ್ಕ, ಇಬ್ಬರಿಗೂ ಸೇರಿ ಗಾಳಿಗೆ ಮಗುಚದಂತೆ ಎರಡು ಪದರದ ಬಟ್ಟೆಯುಳ್ಳ ಒಂದು ದೊಡ್ಡ ಛತ್ರಿ. ಚೀಲ ಹೊರುವವರನ್ನೂ ಹಬ್ಬದಲ್ಲಿ ಮರೆಯಬಾರದೆಂದು ಒಂದು ಪಂಚೆಯನ್ನು ಜೊತೆಗಿಟ್ಟೆವು. ೨೦೦೯ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಸಿ. ಮುನಿಯಪ್ಪನವರು ಬೆಂಗಳೂರಿನಲ್ಲಿ ಚೀಲ ಹೊರುತ್ತಲೇ ಆಟ ಕಲಿತವರೆಂಬುದು ತಿಳಿದ ಮೇಲೆ ಆ ಜನರ ವಿಷಯದಲ್ಲಿ ನನ್ನ ಆದರವು ಹೆಚ್ಚಿತ್ತು. ಎಲ್ಲವೂ ಸೇರಿ ಉಂಗುರದ ಬೆಲೆಯ ಕಾಲು ಪಾಲನ್ನೂ ಮುಟ್ಟಲಿಲ್ಲ.

ಹಬ್ಬದ ದಿನ ಅಳಿಯಂದಿರು ಕಾಸನ್ನು ಅಂಗೈಯಲ್ಲಿಟ್ಟುಕೊಂಡು ಅದರ ಇಸವಿಯನ್ನು ಓದಿದರು. ನಮ್ಮ ತಾಯಿಯ ವಿಷಯವಾಗಿ ಕೇಳಿದರು. ಆ ಮೇಲೆ ಬಲಗೈಯ ಕೈಗವಸನ್ನು ನೋಡಿ, "ಇದು ನನ್ನದಲ್ಲವಲ್ಲ, ಮಾವ" ಎಂದು ಹೆಂಡತಿಯ ಕಡೆ ತಿರುಗಿದರು, ಅವಳು ನಕ್ಕಳು. ಊಟಕ್ಕೆ ಬಂದ ಬಂಧುವೊಬ್ಬರು, "ಉಂಗುರವೆಲ್ಲಿ?" ಎಂದು ಕೇಳಿಯೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಸಹಧರ್ಮಿಣಿಯು, "ಬೆರಳಿಗೆ ಕೊಡಲಿಲ್ಲ, ಕೈಗೇ ಕೊಟ್ಟೆವು" ಎಂದು ಉತ್ತರವಿತ್ತಳು. ನಾಲ್ಕು ಜನರ ಪೈಕಿ ಒಬ್ಬರಿಗೆ ಸಮಾಧಾನವಾದಂತಾಯಿತು. ಈಗ ಭಾನುವಾರಗಳಲ್ಲಿ ಇಬ್ಬರೂ ಹೋಗುತ್ತಾರೆ. ಮಗಳ ಚೆಂಡು ಇನ್ನೂ ನೆಟ್ಟಗೆ ಹೋಗದಂತೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪಡೆಯುವವನು ಗಾಲ್ಫ್ ಆಡುವವನಿರಲಿ, ತಾಳಮದ್ದಳೆಯ ಅರ್ಥಧಾರಿಯಿರಲಿ, ಗಾಳದಲ್ಲಿ ಮೀನು ಹಿಡಿಯುವವನಿರಲಿ, ಮೊದಲು ಒಂದು ವಾರ ಅವನ ಹವ್ಯಾಸಕ್ಕೆ ವಿದ್ಯಾರ್ಥಿಯಾಗಿರಿ. ಅವನ ಸಾಧನವನ್ನು ಅವನಿಗೇ ಬಿಡಿ. ಸವೆಯುವುದನ್ನೂ ಕಳೆಯುವುದನ್ನೂ ನೆರಳೀಯುವುದನ್ನೂ ನೀವು ಕೊಡಿ. ಅವನು ಆಡುತ್ತಿರುವಾಗ ಯಾರು ಕಾಯುತ್ತಿರುವರೆಂದು ವಿಚಾರಿಸಿ, ಉಡುಗೊರೆಯಲ್ಲಿ ಅವರಿಗೂ ಒಂದು ಪಾಲಿಡಿ. ಇಷ್ಟನ್ನು ಮಾಡಿದರೆ ಐದು ನೂರು ರೂಪಾಯಿಗಳಾದರೂ ಸಾಕು. ಇಷ್ಟನ್ನು ಮಾಡದಿದ್ದರೆ ಐದು ಲಕ್ಷವೂ ಸಾಲದು.