ನೀಲಾಂಜನೆಯ ಪುಟದಲ್ಲಿ ನಿಂತ ಓದು

ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮೇಜಿನ ಮೇಲೆ ಈ ಮಳೆಗಾಲದಲ್ಲಿ ಮೂರು ಪುಸ್ತಕಗಳು ಒಟ್ಟಿಗಿದ್ದವು: ಪಂಪನ ‘ಆದಿಪುರಾಣ’, ಜನ್ನನ ‘ಯಶೋಧರ ಚರಿತೆ’, ತೇಜಸ್ವಿಯವರ ‘ಕರ್ವಾಲೊ’. ಕ್ರಿ.ಶ. 941ರ ಪಂಪನಲ್ಲಿ ಅವರು ನೀಲಾಂಜನೆಯ ನೃತ್ಯವನ್ನು ದಾಟಿ ಮುಂದೆ ಹೋಗಲಾರದಾದರು. ತರಗತಿಯಲ್ಲಿ ಅದನ್ನು ವೈರಾಗ್ಯದ ನಿಮಿತ್ತವೆಂದೇ ಪಾಠ ಹೇಳಿದ್ದರು. ಪತ್ನಿ ತೀರಿಕೊಂಡ ಮೇಲಿನ ಈ ಓದಿನಲ್ಲಿ ಮನಸ್ಸು ಆದಿದೇವನೊಡನೆ ತಪಸ್ಸಿಗೆ ನಡೆಯಲಿಲ್ಲ. ರಂಗದ ಮೇಲೆಯೇ ಉಳಿಯಿತು. ನರ್ತಿಸುತ್ತಲೇ ಆಕೆ ಅಳಿದಳು, ರಸಭಂಗವಾಗದಿರಲೆಂದು ಇಂದ್ರ ಅವಳಂತೆಯೇ ಇನ್ನೊಂದು ರೂಪವನ್ನು ನಿಲ್ಲಿಸಿದ, ಸಭೆಗೆ ತಿಳಿಯಲಿಲ್ಲ. ಅರಿತವನು ಆದಿದೇವನೊಬ್ಬನೇ. ಇಲ್ಲವಾದವಳನ್ನು ಇಲ್ಲವೆಂದು ಗುರುತಿಸಿದ ಆ ಒಂದು ನೋಟವೇ ಅವರಿಗೆ ಈಗ ವೈರಾಗ್ಯಕ್ಕಿಂತ ದೊಡ್ಡದಾಗಿ ಕಂಡಿತು. ಇದು ಶಾಸ್ತ್ರಸಮ್ಮತವಾದ ಓದಲ್ಲವೆಂದು ಅವರಿಗೂ ಗೊತ್ತು. ಆದರೆ ಪಂಪನ ಕಾವ್ಯ ಅದನ್ನು ತಡೆಯುವುದಿಲ್ಲ.

ಜನ್ನನ ಹಿಟ್ಟಿನ ಕೋಳಿ ಎಂದಿನಂತೆ ಬೆಚ್ಚಿಸಿತು: ಸಂಕಲ್ಪಮಾತ್ರದ ಹಿಂಸೆಗೆ ಅಷ್ಟು ಜನ್ಮಗಳ ದಂಡವೇ? ಅಮೃತಮತಿಯ ಬಗ್ಗೆ ಕವಿಯೊಡನೆ ಅವರ ಹಳೆಯ ಜಗಳವೂ ಮುಗಿದಿಲ್ಲ.

‘ಕರ್ವಾಲೊ’ವನ್ನು ಮಾತ್ರ ನಗುತ್ತಲೇ ಓದಿದರು. ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಗದೆ ತೇಲಿಹೋದಾಗ ಪುಸ್ತಕ ಮಡಿಚಿ, ‘ಆದಿಪುರಾಣ’ದ ಅದೇ ಪುಟವನ್ನು ಮತ್ತೆ ತೆರೆದರು.